ಬಲದ ಹೂ, ಎಡದ ಹೂ

"ಬಲದ ಹೂವೇ ಬೀಳಬೇಕು ಭಟ್ರೇ," ಎಂದಳು ಮೋಕ್ಷಿತಾ, ಚಪ್ಪಲಿ ಕಳಚುವ ಮೊದಲೇ. ಗುಡಿಯ ಹಿಂದೆ ಗಂಧ ತೇಯುತ್ತಿದ್ದ ಹರಿನಾರಾಯಣ ಭಟ್ಟರ ಕೈ ಕಲ್ಲಿನ ಮೇಲೆಯೇ ನಿಂತಿತು. ದೇವರಿಲ್ಲವೆಂದು ವರ್ಕಾಡಿ ಊರಿಗೆಲ್ಲ ಸಾರಿಕೊಂಡು ತಿರುಗುವ ನರ್ಸಿಂಗ್ ಹುಡುಗಿ ಇವತ್ತು ದೇವರ ಬಳಿ ಶಿಫಾರಸಿಗೆ ಬಂದಿದ್ದಳು.

ವಿಷಯ ಅವಳ ಅಜ್ಜಿ ಸುಂದರಿಯದು. ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಬೀಡಿ ಕಟ್ಟುವುದು ಬೆರಳಿನ ಅಂದಾಜಿನಲ್ಲಿ, ಬಸ್ಸು ಗುರುತಿಸುವುದು ಹಾರ್ನಿನ ಅಂದಾಜಿನಲ್ಲಿ. ನಾಡಿದ್ದು ಸೋಮವಾರ ಆಪರೇಷನ್ನಿಗೆ ದಿನ ಕೊಟ್ಟ ಡಾಕ್ಟರು, ಇನ್ನೂ ತಡ ಮಾಡಿದರೆ ಈಗ ಕಾಣುವ ಮಂಜೂ ಕಾಣದಂತಾದೀತು ಎಂದಿದ್ದರು. ಆದರೆ ದೇವಿಯ ಅಪ್ಪಣೆಯಾಗದೆ ಕಣ್ಣಿಗೆ ಕತ್ತಿ ಮುಟ್ಟಿಸುವವಳು ತಾನಲ್ಲವೆಂದು ಅಜ್ಜಿ ಪಟ್ಟು ಹಿಡಿದಿದ್ದಳು.

ಆ ಗುಡಿಯಲ್ಲಿ ಅಪ್ಪಣೆ ಕೇಳುವ ಕ್ರಮ ಸುಲಭದ್ದು. ದೇವಿಯ ಎರಡು ಭುಜಗಳಿಗೆ ಗಂಧದಲ್ಲಿ ಒಂದೊಂದು ಕೇಪಳ ಹೂ ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಬೇಡ. ಗಂಧ ನೀರಾಗಿದ್ದರೆ ಹೂ ಬೇಗ ಜಾರುತ್ತದೆ, ಗಟ್ಟಿಯಾಗಿದ್ದರೆ ಮಧ್ಯಾಹ್ನದ ತನಕ ಅಲುಗುವುದಿಲ್ಲ. ಈ ಗುಟ್ಟು ದೇವಿಗೂ ತನಗೂ ಮಾತ್ರ ಗೊತ್ತೆಂದು ಭಟ್ಟರು ತಿಳಿದಿದ್ದರು. ಅದೇ ಗುಟ್ಟಿನಿಂದ ಅವರು ನಲವತ್ತು ವರ್ಷಗಳಲ್ಲಿ ಅಣ್ಣತಮ್ಮಂದಿರ ಎಷ್ಟೋ ಜಗಳ ನಿಲ್ಲಿಸಿದ್ದರು, ಆಗಬಾರದ ಎರಡು ಮದುವೆ ತಪ್ಪಿಸಿದ್ದರು, ಒಂದು ಹಲಸಿನ ಮರದ ಜೀವ ಉಳಿಸಿದ್ದರು. ದೇವಿ ಒಂದು ದಿನವೂ ತಕರಾರು ತೆಗೆದವಳಲ್ಲ. ಅವಳು ಇದ್ದರೆ ಒಪ್ಪಿದ್ದಾಳೆ, ಇಲ್ಲದಿದ್ದರೆ ತೊಂದರೆಯೇ ಇಲ್ಲ ಎಂದು ಭಟ್ಟರು ಆ ವಿಚಾರದ ತಂಟೆಗೇ ಹೋಗಿರಲಿಲ್ಲ. ಒಂದು ವ್ರತ ಮಾತ್ರ ಇಟ್ಟುಕೊಂಡಿದ್ದರು: ಹೂ ಬೀಳುವ ತನಕ ತನ್ನ ಕೈಚಳಕ, ಬಿದ್ದ ಮೇಲೆ ಅವಳ ಮಾತು. ಬಿದ್ದದ್ದನ್ನು ತಿರುಚಿ ಹೇಳುವುದಿಲ್ಲ.

"ನಿನಗೆ ದೇವರಲ್ಲಿ ನಂಬಿಕೆ ಉಂಟಾ?" ಎಂದು ಕೇಳಿದರು.

"ಇಲ್ಲ. ನಿಮ್ಮ ಗಂಧದಲ್ಲಿ ಉಂಟು."

ಭಟ್ಟರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಒಪ್ಪದೆ ಗತಿಯಿರಲಿಲ್ಲ.

ಅರ್ಧ ಗಂಟೆಯಲ್ಲಿ ಸುಂದರಿ ಬಂದು ಕಂಬಕ್ಕೆ ಒರಗಿ ಕುಳಿತಳು. ಭಟ್ಟರು ತೆಳು ಗಂಧದ ಬಟ್ಟಲು ಒಂದು, ಗಟ್ಟಿ ಗಂಧದ ಬಟ್ಟಲು ಒಂದು ಹಿಡಿದುಕೊಂಡು ಒಳಗೆ ಹೋದರು. ಇತ್ತೀಚೆಗೆ ಅವರಿಗೆ ನಂದಾದೀಪದ ಒಂದು ಕುಡಿ ಎರಡಾಗಿ ಕಾಣುತ್ತಿತ್ತು. ಭಕ್ತಿ ಹೆಚ್ಚಾದದ್ದಿರಬೇಕೆಂದು ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಹೂ ಅಂಟಿಸಿ, ಗಂಟೆ ಬಾರಿಸಿ, ಬಾಗಿಲ ಬದಿಗೆ ಸರಿದು ನಿಂತರು. ಅಜ್ಜಿ ನೆರೆಮನೆಯವಳ ಹತ್ತಿರ ಮಾತಾಡುವ ಹಾಗೆ ದೇವಿಯ ಹತ್ತಿರ ಮಾತಿಗೆ ತೊಡಗಿದಳು. ಕಣ್ಣಿನ ಕಥೆಯೆಲ್ಲ ಹೇಳಿ, ಈ ಮೊಮ್ಮಗಳು ನೀನಿಲ್ಲ ಎನ್ನುತ್ತಾಳೆ, ಪ್ರಾಯದ ಗುಣ, ಮನಸ್ಸಿಗೆ ಹಚ್ಚಿಕೊಳ್ಳಬೇಡ ತಾಯೇ ಎಂದು ಸಮಾಧಾನವನ್ನೂ ಹೇಳಿದಳು.

ಅಷ್ಟರಲ್ಲಿ, ಗಾಳಿಯಿಲ್ಲ ಗದ್ದಲವಿಲ್ಲ, ಎಡದ ಹೂ ಬಿತ್ತು.

ಗಟ್ಟಿ ಗಂಧ ಹಚ್ಚಿದ್ದೇನೆಂದು ಭಟ್ಟರು ತಿಳಿದಿದ್ದ ಭುಜದ್ದೇ. ನಲವತ್ತು ವರ್ಷ ಹೇಳಿದಂತೆ ಕೇಳಿಕೊಂಡಿದ್ದವಳು ಇವತ್ತು ಬಾಯಿ ಬಿಟ್ಟಿದ್ದಳು. ಬಿಟ್ಟದ್ದೂ ಬಿಟ್ಟಳು, ಬೇಡ ಎನ್ನುವುದಕ್ಕೆ ಬಿಡಬೇಕೇ?

"ಬಿತ್ತಾ?" ಎಂದಳು ಅಜ್ಜಿ.

"ಬಿತ್ತು ಅಜ್ಜಿ. ಬಲದ್ದು," ಎಂದಳು ಮೋಕ್ಷಿತಾ, ರೆಪ್ಪೆ ಬಡಿಯದೆ.

ಅಜ್ಜಿ ಮುಖವನ್ನು ಬಾಗಿಲಿನ ಕಡೆಗೆ ತಿರುಗಿಸಿದಳು. "ಭಟ್ರೇ, ನೀವು ಹೇಳಿ."

ಮೋಕ್ಷಿತಾ ಅವರನ್ನೇ ನೋಡುತ್ತಿದ್ದಳು, ಎರಡೂ ಕೈ ಜೋಡಿಸಿ. ಆ ಹುಡುಗಿ ಕೈ ಮುಗಿದದ್ದನ್ನು ಭಟ್ಟರು ಕಂಡದ್ದು ಅದೇ ಮೊದಲು. ಮುಗಿದದ್ದು ಮಾತ್ರ ದೇವಿಗಲ್ಲ, ತನಗೆ. ಬಲವೆಂದರೆ ಮುದುಕಿಯ ಕಣ್ಣು ಉಳಿಯುತ್ತದೆ. ಆದರೆ ದೇವಿ ಇದ್ದಾಳೆಂದು ಗೊತ್ತಾದ ಗಳಿಗೆಯಲ್ಲೇ, ಅವಳ ಎದುರಿಗೇ ಸುಳ್ಳು ಹೇಳುವುದು ಹೇಗೆ?

"ಎಡದ್ದು, ಸುಂದರಕ್ಕ," ಎಂದರು.

ಮೋಕ್ಷಿತಾಳ ಮುಗಿದ ಕೈ ಕೆಳಗಿಳಿಯಿತು. ಅಜ್ಜಿ ಎಲೆ ಅಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಬ ಹಿಡಿದು ಎದ್ದಳು.

"ಒಬ್ಬಳು ಬಲ ಅಂತಾಳೆ, ಒಬ್ಬರು ಎಡ ಅಂತೀರಿ. ಇಬ್ಬರಲ್ಲಿ ಒಬ್ಬರು ದೇವರ ಎದುರೇ ಸುಳ್ಳು ಬಿಟ್ಟದ್ದು ಖಂಡಿತ. ಅದು ಯಾರು ಅಂತ ಕಾಣದವಳಿಗೆ ಹೇಗೆ ಗೊತ್ತಾಗುವುದು? ಸೋಮವಾರ ಆಪರೇಷನ್ ಮಾಡಿಸಿಕೊಂಡು ಬರ್ತೇನೆ ಭಟ್ರೇ. ಬಂದ ಮೇಲೆ ಇನ್ನೊಮ್ಮೆ ಕೇಳುವ, ಮಾಡಿಸಬಹುದಾ ಅಂತ. ಹೂ ನಾನೇ ನೋಡ್ತೇನೆ."

ಮೋಕ್ಷಿತಾ ಸೆರಗಿಲ್ಲದ್ದಕ್ಕೆ ಅಂಗೈಯಲ್ಲೇ ನಗು ಮುಚ್ಚಿಕೊಂಡು, ಅಜ್ಜಿಯ ಮನಸ್ಸು ಬದಲಾಗುವ ಮೊದಲು ಅವಳನ್ನು ಮೆಟ್ಟಿಲಿಳಿಸಿದಳು.

ಭಟ್ಟರು ಒಳಗೆ ಓಡಿದರು. ಬಿದ್ದದ್ದು ಎಡದ್ದೇ ಹೌದೇ ಎಂದು ಭುಜ ನೋಡಿದರೆ, ಇನ್ನೊಂದು ಹೂವೂ ಬಿದ್ದಾಗಿತ್ತು. ಗಂಧ ಅದಲು ಬದಲಾಯಿತೋ ಎಂದು ಬಟ್ಟಲು ನೋಡಿದರೆ, ದೀಪದ ಬೆಳಕಿನಲ್ಲಿ ಎರಡು ಬಟ್ಟಲು ನಾಲ್ಕಾಗಿ ಕುಳಿತಿದ್ದವು. ದೇವಿಯ ಮುಖ ನೋಡಿದರೆ, ಎರಡು ಮುಖದಲ್ಲೂ ಒಂದೇ ನಗು.

ಅವರು ಹೊರಗೆ ಬಂದು, ಆಚೆ ಗದ್ದೆಯ ಬದು ಹತ್ತುತ್ತಿದ್ದವರಿಗೆ ಕೇಳುವಂತೆ ಕೂಗಿದರು.

"ಮೋಕ್ಷಿತಾ, ಸೋಮವಾರ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಇನ್ನೊಬ್ಬರಿಗೆ ಜಾಗ ಉಂಟಾ ಮಾರಾಯ್ತಿ?"