ಮಲಗುವಾಗ ಒಂದು

ಮಟಮಟ ಮಧ್ಯಾಹ್ನ ಮೆಡಿಕಲ್ ಸ್ಟೋರಿನ ಗಾಜಿನ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ದೂರದ ಕ್ಲಿನಿಕ್ಕೊಂದರ ಕಾಂಪೌಂಡರ್ ಗಾಜು ತಟ್ಟಿದ. ಔಷಧದ ಕಪಾಟುಗಳ ನಡುವೆ ನಿಂತಿದ್ದ ಬಿಳಿ ಕೋಟಿನ ಹೆಂಗಸು ತಿರುಗಿದಳು. ತಕ್ಷಣ ಬರಲಿಲ್ಲ. ಅವನನ್ನು, ಅವನ ಕೈಲಿದ್ದ ಚೀಟಿಯನ್ನು, ಅವನ ಹಿಂದಿನ ರಸ್ತೆಯನ್ನು ಅಳೆದು ನೋಡಿದ ಮೇಲೆ ಬಾಗಿಲು ತೆರೆದಳು. ಅವನು ಒಳಗೆ ಕಾಲಿಟ್ಟದ್ದೇ ತಡ, ಮತ್ತೆ ಚಿಲಕ ಹಾಕಿದಳು.

ಅವನು ಚೀಟಿಯನ್ನು ಚಾಚಿದ.

ಚೀಟಿ ಬರೆದವನು ಅವನೇ. ಹೆಂಡತಿ ಹೋದ ಮೇಲೆ ರಾತ್ರಿಗಳು ದೊಡ್ಡವಾಗಿದ್ದವು. ಅವನು ಕೆಲಸಕ್ಕಿರುವ ಕ್ಲಿನಿಕ್ಕಿನ ಡಾಕ್ಟರು ಕೆಲವು ತಿಂಗಳು ನಿದ್ದೆ ಮಾತ್ರೆ ಬರೆದುಕೊಟ್ಟರು. ಆಮೇಲೆ, ‘ಚಟ ಆಗ್ಬಿಡುತ್ತೆ ಕಣಯ್ಯಾ, ಸಾಕು’ ಎಂದು ನಿಲ್ಲಿಸಿದರು. ನಿದ್ದೆಯೂ ನಿಂತಿತು. ಈ ಬೆಳಿಗ್ಗೆ ಡಾಕ್ಟರು ಕೈ ತೊಳೆಯಲು ಎದ್ದಾಗ ಅವರ ಲೆಟರ್‌ಪ್ಯಾಡಿನ ಹಾಳೆಯೊಂದನ್ನು ಹರಿದು, ಅವರ ವೈಖರಿಯಲ್ಲೇ ಗೀಚಿ, ಸಹಿ ಎಳೆದು, ಯಾರ ಗುರುತೂ ಇಲ್ಲದ ಈ ಬಡಾವಣೆಗೆ ಬಸ್ಸು ಹಿಡಿದಿದ್ದ. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಮಾನವೂ ಹೋಯಿತು. ಪೊಲೀಸರ ಮಾತು ಬೇರೆ.

ಅವಳು ಚೀಟಿ ಓದಿದಳು. ಬಹಳ ಹೊತ್ತು ಓದಿದಳು.

“ಈ ಎಚ್.ಎಸ್. ಅಂದ್ರೆ ಏನು?”

ಮೆಡಿಕಲ್ ಸ್ಟೋರಿನವರು ನಿದ್ದೆಗಣ್ಣಿನಲ್ಲೂ ಹೇಳುವ ಅಕ್ಷರಗಳು. ಗೊತ್ತಿದ್ದೂ ಕೇಳುತ್ತಿದ್ದಾಳೆ. ಪರೀಕ್ಷೆ.

“ಮಲಗೋ ಹೊತ್ತಿಗೆ ಅಂತ, ಮೇಡಂ.”

“ಪಕ್ಕದಲ್ಲಿ ಎಸ್.ಓ.ಎಸ್.?”

“ಬೇಕು ಅನ್ನಿಸಿದ್ರೆ ಮಾತ್ರ ತಗೋಬೇಕು ಅಂತ.”

“ಎಲ್ಲಾ ಚೆನ್ನಾಗಿ ತಿಳ್ಕೊಂಡಿದೀರಿ.”

ಅವನು ನಾಲಿಗೆ ಕಚ್ಚಿಕೊಂಡ. ಮಾತ್ರೆ ನುಂಗುವವನಿಗೆ ಇಷ್ಟೆಲ್ಲ ಏಕೆ ಗೊತ್ತಿರಬೇಕು? “ಹಳೇ ರೋಗಿ ಅಲ್ವಾ ಮೇಡಂ, ಅರ್ಧ ಡಾಕ್ಟರೇ ಆಗ್ಬಿಟ್ಟಿದೀನಿ” ಎಂದು ನಕ್ಕ. ಅವಳು ನಗಲಿಲ್ಲ.

“ಹಾಗಾದ್ರೆ ಇಂಥ ಮಾತ್ರೆ ಎಲ್ಲಿಡ್ತಾರೆ ಅಂತಾನೂ ಗೊತ್ತಿರ್ಬೇಕು.”

“ಬೀಗ ಹಾಕಿರೋ ಕಪಾಟಲ್ಲಿ ಅಂತ... ಯಾರೋ ಹೇಳಿದ್ರು.”

ಅವಳು ಒಂದೊಂದೇ ಖಾನೆ ಎಳೆದು ನೋಡತೊಡಗಿದಳು. ತನ್ನ ಅಂಗಡಿಯಲ್ಲಿ ಹೀಗೆ ಯಾರಾದರೂ ತಡಕಾಡುತ್ತಾರೆಯೇ? ಹೊತ್ತು ಕಳೆಯುತ್ತಿದ್ದಾಳೆ. ಯಾರಿಗೋ ಹೇಳಿ ಕಳಿಸಿದ್ದಾಳೆ, ಅವರು ಬರುವವರೆಗೆ ಇವನನ್ನು ಕೂಡಿಹಾಕಿಕೊಂಡಿದ್ದಾಳೆ. ಕೌಂಟರಿನ ಫೋನು ಹೊಡೆದುಕೊಂಡಿತು. ಅವಳು ಬೆಚ್ಚಿ ಅದನ್ನು ನೋಡಿದಳು, ಎತ್ತಲಿಲ್ಲ. ಅವನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

“ನಿಂತ್ಕೊಳ್ಳಿ ಅಣ್ಣ. ಏನು ಅಷ್ಟು ಅವಸರ?”

ಅವಳು ಮೂಲೆಯ ಕಪಾಟಿನ ಮುಂದೆ ಕುಕ್ಕರಿಸಿದಳು. ಕೌಂಟರಿನ ಮರೆಯಲ್ಲಿ ಏನೋ ಟಕ್ಕೆಂದಿತು. ಎದ್ದವಳು ಒಂದು ಇಡೀ ಡಬ್ಬಿಯನ್ನೇ ಅವನತ್ತ ತಳ್ಳಿದಳು. ಚೀಟಿಗೆ ಮೊಹರು ಒತ್ತಲಿಲ್ಲ, ಬಿಲ್ ಹರಿಯಲಿಲ್ಲ. ಅವನು ಕೊಟ್ಟ ನೋಟು ಕೋಟಿನ ಜೇಬಿಗೆ ಹೋಯಿತು, ಚಿಲ್ಲರೆ ಬರಲಿಲ್ಲ.

ಆಗ ಅವನಿಗೆ ಎಲ್ಲವೂ ಅರ್ಥವಾಯಿತು. ಚೀಟಿ ನಕಲಿಯೆಂದು ಅವಳಿಗೆ ಮೊದಲೇ ಗೊತ್ತು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಇದು ಅವಳ ದರ. ಎಂಥ ಹೆಂಗಸು! ಒಳಗೊಳಗೇ ಅವಳಿಗೆ ಕೈಮುಗಿದು, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ತಾನೇ ಚಿಲಕ ತೆಗೆದು ಹೊರಬಿದ್ದ.

ಮೆಟ್ಟಿಲ ಬುಡದಲ್ಲಿ ಒಬ್ಬ ದಪ್ಪಗಿನ ಮನುಷ್ಯ ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದ. ಅವನ ಕೈಲಿ ಕೀಗೊಂಚಲು. ತೆರೆದ ಬಾಗಿಲನ್ನು ನೋಡಿದ, ಕಾಂಪೌಂಡರನ ಕೈಯ ಡಬ್ಬಿಯನ್ನು ನೋಡಿದ.

“ಬಾಗಿಲು ಯಾರ್ರೀ ತೆಗೆದಿದ್ದು?”

“ಒಳಗಿರೋ ಮೇಡಂ.”

“ಯಾವ ಮೇಡಂ ಸ್ವಾಮಿ? ಈ ಅಂಗಡೀಲಿ ಮಾಲೀಕ, ಫಾರ್ಮಸಿಸ್ಟು, ಕಸ ಗುಡಿಸೋನು ಎಲ್ಲಾ ನಾನೊಬ್ನೇ. ಈ ಬಾಗಿಲಿಗೆ ಒಳಗಿಂದ ಚಿಲಕ ಹಾಕಿ, ಹಿಂಬಾಗಿಲಿಗೆ ಬೀಗ ಹಾಕ್ಕೊಂಡು ಊಟಕ್ಕೆ ಹೋಗಿದ್ದೆ.”

ಇಬ್ಬರೂ ಒಳಗೆ ಇಣುಕಿದರು. ಬಿಳಿ ಕೋಟು ನೆಲದ ಮೇಲೆ ಬಿದ್ದಿತ್ತು. ಮೂಲೆಯ ಕಪಾಟಿನ ಬೀಗ ಕಿತ್ತುಬಂದಿತ್ತು, ಒಳಗೆ ಒಂದು ಡಬ್ಬಿಯೂ ಉಳಿದಿರಲಿಲ್ಲ. ಬೀಗ ಮುರಿದ ಹಿಂಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಮಾಲೀಕ ಅವನ ಮುಂಗೈಯನ್ನು ಬಿಗಿಯಾಗಿ ಹಿಡಿದ.

“ನಾನು ಕಳ್ಳ ಅಲ್ಲ ಸಾರ್, ಗಿರಾಕಿ. ದುಡ್ಡು ಕೊಟ್ಟು ತಗೊಂಡಿದೀನಿ.”

“ಗಿರಾಕಿ ಆದ್ರೆ ಚೀಟಿ ಇರ್ಬೇಕಲ್ಲ, ತೆಗೀರಿ. ಬರೆದ ಡಾಕ್ಟರಿಗೆ ಈಗ್ಲೇ ಒಂದು ಫೋನ್ ಮಾಡಿ ಕೇಳ್ಬಿಡೋಣ.”