ಕೊನೆಯ ಕೆಂಪು ಸಾಲು

ಅಪ್ಪನ ಹಳೆಯ ಕೈಪಿಡಿಯಲ್ಲಿ ಒತ್ತಿದರೂ ತೆರೆಯದ ಎಂಬತ್ತಾರು ಸತ್ತ ಲಿಂಕುಗಳಲ್ಲಿ ಎಂಬತ್ತೈದನ್ನು ಮಗಳು ಸರಿಪಡಿಸಿಯಾಗಿತ್ತು. ಪರದೆಯ ಮೇಲೆ ಒಂದೇ ಒಂದು ಕೆಂಪು ಸಾಲು ಹಟ ಹಿಡಿದು ಕೂತಿತ್ತು. 'ಈ ಭಾಗ ತಲೆಗೆ ಹತ್ತದಿದ್ದರೆ ನನ್ನನ್ನೇ ಕೇಳಿ, ನನ್ನ ಪುಟ ಇಲ್ಲಿದೆ.' ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಲಿ, ತಿದ್ದಲಿ ಎಂದು ತಂತ್ರಾಂಶವೊಂದನ್ನು ಕಟ್ಟಿದ ಅಪ್ಪ, ಅದರ ಕೈಪಿಡಿಯಲ್ಲಿ ಇಪ್ಪತ್ತು ವರ್ಷದ ಹಿಂದೆ ಬರೆದ ಮಾತು. ಆ ಪುಟ ಎಂದೋ ಮಾಯವಾಗಿತ್ತು. ಅದರ ಹಳೆಯ ಪ್ರತಿಗಾಗಿ ಅವಳು ತಡಕಾಡದ ಮೂಲೆಯಿರಲಿಲ್ಲ.

ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತು ಅಂಗಿಯ ಗುಂಡಿಯೊಂದನ್ನು ಹಾಕುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಹಾಕುತ್ತಿದ್ದ. ಅವಳು ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು.

"ಅಪ್ಪ, ಈ ಪುಟದಲ್ಲಿ ಏನಿತ್ತು, ಸ್ವಲ್ಪ ನೆನಪು ಮಾಡ್ಕೋ. ಒಂದು ಸಾಲು ಹೇಳಿದ್ರೂ ಸಾಕು, ಮಿಕ್ಕಿದ್ದು ನಾನು ಬರೀತೀನಿ."

ಅವನು ಗುಂಡಿ ಬಿಟ್ಟು, ಅಕ್ಷರಗಳ ಕೆಳಗೆ ಬೆರಳು ಸರಿಸುತ್ತಾ ನಿಧಾನವಾಗಿ ಓದಿದ. ಮುಖ ಅರಳಿತು. ಎಷ್ಟೋ ತಿಂಗಳಿಂದ ಕಾಣದ ಆ ಹಳೆಯ ಹುರುಪು ಕಂಡು ಅವಳು ಉಸಿರು ಬಿಗಿಹಿಡಿದಳು.

"ಇಷ್ಟಕ್ಕೆ ಯಾಕಮ್ಮ ತಲೆ ಕೆಡಿಸ್ಕೋತೀಯ?" ಎಂದ ಅಪ್ಪ. "ಕೇಳಿ ಅಂತ ಪಾಪ, ಅವನೇ ಬರೆದಿದ್ದಾನಲ್ಲ. ಹೋಗಿ ಅವನನ್ನೇ ಕೇಳಿಬಿಡು."