ಹಿಸುಕಿ ನೋಡುವ ಬೆರಳು

ಮರಳೂರಿನ ಮನೆಯ ತಾರಸಿಯಲ್ಲಿ, ಕೆಂಡದ ಮೇಲಿದ್ದ ಕುರಿ ತೊಡೆಗೆ ಚುಚ್ಚಿದ್ದ ಹೊಸ ವೈರ್‌ಲೆಸ್ ಥರ್ಮಾಮೀಟರು ರವೀಶನ ಫೋನಿನಲ್ಲಿ ತೊಂಬತ್ತೆರಡು ಡಿಗ್ರಿ ತೋರಿಸಿತು. "ಬೆಂದೈತೆ ಕಣವ್ವ," ಅಂದ.

"ನಿನ್ ಕಡ್ಡಿಗೇನ್ಲಾ ಗೊತ್ತು?" ಅವನವ್ವ ರಂಗಲಕ್ಷ್ಮಮ್ಮ ಶುಗರ್ ಮಾತ್ರೆ ನುಂಗಿ ಎದ್ದುಬಂದಳು. ತಮ್ಮೂರು ಕಡಬದ ಬಾಡೂಟಗಳಲ್ಲಿ ಅವಳು ಒಂದು ತುಂಡು ಹಿಸುಕಿ, ಸುಟ್ಟ ಕೈ ಕೊಡವಿಕೊಂಡು ಹೂಂ ಅನ್ನುವ ತನಕ ಯಾರೂ ಹಂಡೆ ಇಳಿಸುತ್ತಿರಲಿಲ್ಲ.

ಹಬೆಯಾಡುತ್ತಿದ್ದ ತೊಡೆಯನ್ನು ಎರಡು ಬೆರಳಲ್ಲಿ ಹಿಸುಕಿದಳು. ಕೈ ಕೊಡವಲಿಲ್ಲ. ಕುದಿಯುವ ಕೊಬ್ಬು ಬೆರಳಗುಂಟ ಇಳಿಯುತ್ತಿದ್ದರೂ ಹಾಗೇ ಹಿಡಿದುಕೊಂಡಿದ್ದಳು.

"ಬಿಸೀನೇ ಆಗಿಲ್ವಲ್ಲೋ. ಇನ್ನೊಂದೀಟು ಬೇಯ್ಲಿ."

ರವೀಶ ಅವಳ ಕೈಯನ್ನು ತಟ್ಟನೆ ಎಳೆದುಕೊಂಡ. ಎರಡು ಬೆರಳ ತುದಿಯೂ ಕೆಂಪಗೆ ಸುಟ್ಟಿತ್ತು. ಅಂಗೈ ಬಿಡಿಸಿ ನೋಡಿದರೆ, ಮಿಕ್ಕ ಬೆರಳುಗಳಲ್ಲಿ ಹಳೆಯ ಬೊಬ್ಬೆಗಳು ಒಣಗಿ ಕಪ್ಪಾಗಿದ್ದವು.